ಬೆಂಚಿನಲ್ಲಿ ಕೂತ ಗೋಲ್‌ಕೀಪರ್: ಋಣ ಎಷ್ಟು, ಭಯ ಎಷ್ಟು?

ಕಲಬುರಗಿಯ ಹುಡುಗ, 26 ವರ್ಷ, ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್‌ನಲ್ಲಿ ಎರಡನೇ ಗೋಲ್‌ಕೀಪರ್. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಸೀಸನ್ ಮುಗಿಸಿ ಊರಿಗೆ ಬಂದಾಗ ಅವನ ಅಕ್ಕ ನನ್ನ ಹತ್ರ ಕರ್ಕೊಂಡು ಬಂದರು. ರಾತ್ರಿ ನಿದ್ದೆ ಇಲ್ಲ, ಯಾರ ಜೊತೆಗೂ ಮಾತಿಲ್ಲ. ಅಪ್ಪನದು ಒಂದೇ ಹಟ: ನಮ್ಮ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡೋ 371ಜೆ ಇದೆ, ಸುಮ್ನೆ ಪರೀಕ್ಷೆ ಬರೆದು ನೌಕರಿ ಹಿಡಿ.

ಎರಡನೇ ಕೀಪರ್‌ನ ಪಾಡು ಹೊರಗಿನವರಿಗೆ ಗೊತ್ತಾಗಲ್ಲ. ಬೇರೆ ಆಟಗಾರರನ್ನು ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಇಳಿಸುತ್ತಾರೆ. ಕೀಪರ್‌ನನ್ನು ಬದಲಿಸೋದು ಹೆಚ್ಚಾಗಿ ಗಾಯವಾದರೆ, ಇಲ್ಲ ರೆಡ್ ಕಾರ್ಡ್ ಬಿದ್ದರೆ. ಇವನು ಪಂದ್ಯಕ್ಕೆ ಮುಂಚೆ ಸೀನಿಯರ್ ಕೀಪರ್‌ಗೆ ಚೆಂಡು ಒದ್ದು ಒದ್ದು ವಾರ್ಮ್‌ಅಪ್ ಮಾಡಿಸ್ತಾನೆ, ಆಮೇಲೆ ತನ್ನ ಗ್ಲೌಸ್‌ನ ಅಂಗೈಗೆ ನೀರು ಚಿಮುಕಿಸಿ, ತೊಡೆ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂರ್ತಾನೆ. ಪಂದ್ಯ ಮುಗಿಯುವಷ್ಟರಲ್ಲಿ ಅವು ಒಣಗಿರುತ್ತವೆ.

ಎರಡನೇ ಭೇಟಿಯಲ್ಲಿ ಬಾಯಿ ಬಿಟ್ಟ. "ಒಂದ್ ಮ್ಯಾಚ್‌ನಾಗ ಸೀನಿಯರ್ ಕಾಲ್ ಹಿಡ್ಕೊಂಡು ಬಿದ್ರು ಮೇಡಂ. ನನ್ನ ಪಾಳಿ ಬಂತು ಅಂತ ಖುಷಿ ಆತ್ರಿ. ಅವ್ರು ನನಗ ಸ್ವಂತ ಅಣ್ಣ ಇದ್ದಂಗ." ಅವರು ಎದ್ದು ಆಟ ಮುಂದುವರಿಸಿದರು. ಇವನು ಮಾತ್ರ ಅಂದಿನಿಂದ ಅವರ ಮುಖ ನೋಡಿ ಮಾತಾಡಿಲ್ಲ.

ನಾನು ಹೇಳಿದೆ: ಒಂದೇ ಜಾಗಕ್ಕೆ ಇಬ್ಬರು ಇದ್ದಾಗ ಆ ಯೋಚನೆ ಬಂದೇ ಬರುತ್ತಪ್ಪ. ನೀನು ಅವರಿಗೆ ಏನೂ ಮಾಡಿಲ್ಲ, ಹೋಗಿ ಕ್ಷಮೆ ಕೇಳೋ ಅಗತ್ಯವೂ ಇಲ್ಲ. ಆಡೋ ಆಸೆ ನಿನ್ನಲ್ಲಿ ಇನ್ನೂ ಜೋರಾಗಿದೆ ಅಂತ ಮಾತ್ರ ಅದರಿಂದ ಗೊತ್ತಾಗುತ್ತೆ.

ಕ್ಲಬ್ ಬಿಡೋ ಮಾತೆತ್ತಿದರೆ "ಉಂಡ ಮನೀ ಜಂತಿ ಎಣಿಸಬಾರ್ದ್ರಿ" ಅಂದ. ಅವನ ಅವ್ವನ ಆಪರೇಷನ್‌ಗೆ ಕೋಚ್ ತಮ್ಮ ಕೈಯಿಂದ ದುಡ್ಡು ಕೊಟ್ಟಿದ್ದರು. ಆ ಋಣ ದೊಡ್ಡದು, ನಾನೂ ಒಪ್ತೀನಿ. ಆದರೆ ಬೇರೆ ಕಡೆ ಆಡಿದರೆ ಜಂತಿ ಎಣಿಸಿದಂಗೆ ಹೇಗಾಗುತ್ತೆ? ಗೋಲ್‌ಕೀಪರ್ ಸ್ಕಾಟ್ ಕಾರ್ಸನ್ ಹೆಸರು ಹೇಳಿದ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್‌ನಲ್ಲಿ 2019ರಿಂದ 2025ರವರೆಗೆ ಇದ್ದು ಎರಡೇ ಪಂದ್ಯ ಆಡಿದವರು. ಸರಿ, ಆದರೆ ಅಲ್ಲಿಗೆ ಹೋದಾಗ ಕಾರ್ಸನ್‌ಗೆ 33 ವರ್ಷ, ಅಷ್ಟರಲ್ಲಿ ಇಂಗ್ಲೆಂಡ್ ತಂಡಕ್ಕೂ ಆಡಿ, ಬೇರೆ ಬೇರೆ ಕ್ಲಬ್‌ಗಳಲ್ಲಿ ನೂರಾರು ಪಂದ್ಯ ಮುಗಿಸಿದ್ದರು. ಲಿವರ್‌ಪೂಲ್ ಕ್ಲಬ್‌ನಲ್ಲಿ ಎರಡನೇ ಕೀಪರ್ ಆಗಿದ್ದ ಕೆಲ್ಲೆಹರ್ ನೋಡು. 2022ರ ಲೀಗ್ ಕಪ್ ಫೈನಲ್‌ನಲ್ಲಿ ಗೆಲುವಿನ ಪೆನಾಲ್ಟಿ ತಾವೇ ಹೊಡೆದ ಮೇಲೂ ಎರಡನೆಯವರಾಗೇ ಇದ್ದರು, 26ನೇ ವಯಸ್ಸಿಗೆ ಬ್ರೆಂಟ್‌ಫರ್ಡ್ ಕ್ಲಬ್‌ಗೆ ಹೋದರು. ಅದು ದ್ರೋಹ ಅಂತೀಯಾ?

ನೀನು ಉಳಿಯೋದು ಪ್ರೀತಿಗೋ, ಆಡೋಕೆ ಇಳಿದು ಗೋಲ್ ಬಿಟ್ಟರೆ ಏನು ಗತಿ ಅನ್ನೋ ಭಯಕ್ಕೋ ಅಂತ ಕೇಳಿದೆ. ಬಹಳ ಹೊತ್ತು ಬಿಟ್ಟು "ಎರಡೂರಿ" ಅಂದ.

ಕೋಚ್ ಹತ್ರ ನೇರವಾಗಿ ಕೇಳು ಅಂದೆ: ಮುಂದಿನ ಸೀಸನ್ ಎಷ್ಟು ಪಂದ್ಯ ಸಿಗುತ್ತೆ, ಸಿಗದಿದ್ದರೆ ಒಂದು ವರ್ಷ ಲೋನ್ ಮೇಲೆ, ಅಂದ್ರೆ ಈ ಕ್ಲಬ್‌ನವನಾಗೇ ಉಳಿದು ಬೇರೆ ಕ್ಲಬ್‌ಗೆ ಆಡೋಕೆ, ಕಳಿಸ್ತೀರಾ? ಆಪರೇಷನ್ ದುಡ್ಡನ್ನು ಇದರಲ್ಲಿ ಬೆರೆಸಬೇಡ, ತಿಂಗಳಿಗಿಷ್ಟು ಅಂತ ಬೇರೆಯಾಗಿ ತೀರಿಸು. ವಯಸ್ಸಾಯ್ತು ಅನ್ನಬೇಡ, ಇಟಲಿಯ ಗೋಲ್‌ಕೀಪರ್ ಡಿನೋ ಝೋಫ್‌ಗೆ 1982ರ ವಿಶ್ವಕಪ್ ಗೆದ್ದಾಗ 40 ವರ್ಷ. ಬಿಡುವಿನಲ್ಲಿ ಕೋಚಿಂಗ್ ಡಿ ಲೈಸೆನ್ಸ್, ಅಂದ್ರೆ ಕೋಚ್ ಆಗೋಕೆ ಆರಂಭದ ಹಂತದ ಕೋರ್ಸ್, ಮಾಡು. ಊರಲ್ಲಿರೋವಷ್ಟು ದಿನ ಎನ್‌ವಿ ಮೈದಾನದಲ್ಲಿ ಹುಡುಗರ ಜೊತೆ ಪೂರ್ತಿ ಪಂದ್ಯ ಆಡು, ಬರೀ ಅಭ್ಯಾಸ ಸಾಲದು.

ಕೋಚ್ ಹತ್ರ ಮಾತಾಡಿದ್ದಾನೆ. ಒಂದು ಸೀಸನ್ ಬೇರೆ ಕ್ಲಬ್‌ಗೆ ಆಡಲು ಅವರು ಒಪ್ಪಿದ್ದಾರೆ. ಅವನ ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ, ಮುಂದಿನ ವಾರ ಅವರನ್ನೂ ಬರೋಕೆ ಹೇಳಿದ್ದೇನೆ.