ಜನರನ್ನು ಮಾತಾಡಿಸುವುದೂ ಹವಾಮಾನ ಸಂಶೋಧನೆಯೇ

ಪ್ರಿಯ ಓದುಗರೇ,

ನಿಮ್ಮ ಮಗಳು ಎಂಜಿನಿಯರಿಂಗ್ ಮುಗಿಸಿ ಈಗ ಹವಾಮಾನ ಬದಲಾವಣೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ, ಆದರೆ ಮಳೆ, ಮೋಡ, ಸಮುದ್ರ ಯಾವುದನ್ನೂ ಅಳೆಯದೆ ಊರೂರು ಸುತ್ತಿ ಜನರನ್ನು ಪ್ರಶ್ನೆ ಕೇಳಿಕೊಂಡು ಬರುತ್ತಾಳೆ, ಇದೂ ವಿಜ್ಞಾನವಾ ಅಂತ ಕೇಳಿದ್ದೀರಿ. ವಿಜ್ಞಾನವೇ. ಅದೂ ಈಗ ತುಂಬಾ ಬೇಕಾಗಿರುವ ವಿಜ್ಞಾನ.

1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಅಂತ ಅಕ್ಕಪಕ್ಕದ ಎರಡು ಬಡಾವಣೆಗಳಿವೆ. ಎರಡರಲ್ಲೂ ಬಡವರು ಜಾಸ್ತಿ, ಒಂಟಿ ಮುದುಕರೂ ಜಾಸ್ತಿ. ಬಿಸಿಲಂತೂ ಒಂದೇ. ಆದರೂ ನಾರ್ತ್‌ನಲ್ಲಿ ಸಾವಿನ ಪ್ರಮಾಣ ಸೌತ್‌ನ ಸುಮಾರು ಹತ್ತು ಪಟ್ಟು! ಥರ್ಮಾಮೀಟರ್ ಹಿಡಿದು ನಿಂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಆ ಬೀದಿಗಳಲ್ಲೇ ಓಡಾಡಿ, ಜನರನ್ನು ಮಾತಾಡಿಸಿ ಅದನ್ನು ಹುಡುಕಿದರು. ಒಂದು ಕಡೆ ಅಂಗಡಿಗಳು ಮುಚ್ಚಿ, ಮನೆಗಳು ಪಾಳುಬಿದ್ದು, ಮುದುಕರು ಹೊರಗೆ ಕಾಲಿಡಲು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರು. ಇನ್ನೊಂದು ಕಡೆ ಬೀದಿ ತುಂಬಾ ಜನ, ತೆರೆದ ಅಂಗಡಿಗಳು. ಅಲ್ಲಿನ ಮುದುಕರು ಸುಮ್ನೆ ಎದ್ದು ಹೋಗಿ ತಂಪಲ್ಲಿ ಸ್ವಲ್ಪ ಹೊತ್ತು ಕೂತು ಬರಬಹುದಿತ್ತು.

ಬಾಂಗ್ಲಾದೇಶದ ಕಥೆಯೂ ಹೀಗೇ. 1970ರ ಚಂಡಮಾರುತದಲ್ಲಿ ಅಲ್ಲಿ ಕಡಿಮೆ ಎಂದರೂ 3 ಲಕ್ಷ ಜನ ಸತ್ತರು. 1991ರಲ್ಲಿ ಮತ್ತೆ ಲಕ್ಷಕ್ಕೂ ಮೀರಿ, ಅದರಲ್ಲಿ ಹೆಂಗಸರೇ ಹೆಚ್ಚು. ಯಾಕೆ ಅಂತ ಉಳಿದವರನ್ನು ಕೇಳಿದಾಗ ಗೊತ್ತಾಗಿದ್ದು ಇದು: ಗಂಡಸರ ಮಧ್ಯೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯುವುದು ಹೇಗೆ, ದನಕರುಗಳನ್ನು ಯಾರಿಗೆ ಬಿಟ್ಟು ಹೋಗುವುದು ಅಂತ ಎಷ್ಟೋ ಜನ ಆಶ್ರಯ ಕಟ್ಟಡದ ಕಡೆ ತಲೆಯೇ ಹಾಕಿರಲಿಲ್ಲ. ಆಮೇಲೆ ಕಟ್ಟಿದ ಎಷ್ಟೋ ಕಟ್ಟಡಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ದನಗಳಿಗೂ ಜಾಗ ಬಂತು. ಮುನ್ಸೂಚನೆ ಸುಧಾರಿಸಿತು, ಮೆಗಾಫೋನ್ ಹಿಡಿದು ಮನೆಮನೆ ಎಚ್ಚರಿಸುವ ಸ್ವಯಂಸೇವಕರೂ ಹೆಚ್ಚಿದರು. 2007ರ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಅಧಿಕೃತ ಲೆಕ್ಕದಲ್ಲಿ ಸುಮಾರು 3,400. ಅದೂ ಸಣ್ಣ ಸಂಖ್ಯೆಯಲ್ಲ. ಆದರೆ ಎಲ್ಲಿ 3 ಲಕ್ಷ, ಎಲ್ಲಿ ಇದು!

ಜನರಿಗೆ ವಿಪತ್ತನ್ನು ತಾಳಿಕೊಳ್ಳುವ ಶಕ್ತಿ ಇದೆ ಅಂತ ಹೊಗಳಿ ಹೊಗಳಿ ಕೊನೆಗೆ ಬಡವರ ತಲೆಗೇ ಹೊರೆ ಕಟ್ಟುವುದಲ್ವಾ ಅಂತಲೂ ಕೇಳಿದ್ದೀರಿ. ಆ ಅಪಾಯ ನಿಜಕ್ಕೂ ಇದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2022ರ ವರದಿ ಪ್ರಕಾರ ನೆರೆ, ಬರ, ಬಿರುಗಾಳಿಗಳಿಂದಾಗುವ ಸಾವು, ದುರ್ಬಲತೆ ತೀರಾ ಕಡಿಮೆ ಇರುವ ಪ್ರದೇಶಗಳಿಗಿಂತ ಅತಿ ದುರ್ಬಲ ಪ್ರದೇಶಗಳಲ್ಲಿ 15 ಪಟ್ಟು ಜಾಸ್ತಿ. ವಾತಾವರಣಕ್ಕೆ ಹೊಗೆ ತುಂಬಿಸಿದವರು ಅವರಲ್ಲ. ಹೊಂದಿಕೊಳ್ಳುವುದಕ್ಕೂ ಒಂದು ಮಿತಿ ಇದೆ ಅಂತ ಅದೇ ವರದಿ ಹೇಳುತ್ತದೆ. ಆಶ್ರಯ ಕಟ್ಟಡ ಜೀವ ಉಳಿಸೀತು, ಉಪ್ಪುನೀರು ನುಗ್ಗಿದ ಗದ್ದೆಯನ್ನು ಉಳಿಸುವುದಿಲ್ಲ. ಹಾಗಾಗಿ ಹೊಗೆ ಕಡಿಮೆ ಮಾಡುವ ಕೆಲಸಕ್ಕೆ ಇದು ಬದಲಿಯಲ್ಲ. ಯಾರು ತಾಳಿಕೊಳ್ಳುತ್ತಿದ್ದಾರೆ, ಅದರ ಬೆಲೆ ಯಾರು ತೆರುತ್ತಿದ್ದಾರೆ ಅನ್ನುವುದನ್ನೂ ನಿಮ್ಮ ಮಗಳು ಕೇಳಲೇಬೇಕು.

ಮುಂದೆ ಕೆಲಸ ಸಿಗುತ್ತಾ ಅನ್ನುವ ಚಿಂತೆ ನಿಮಗಿದೆ. ನಗರಾಡಳಿತ, ಆರೋಗ್ಯ ಇಲಾಖೆ, ವಿಪತ್ತು ನಿರ್ವಹಣೆ, ವಿಮೆ, ಎಲ್ಲ ಕಡೆಯೂ ಇಂಥವರು ಬೇಕು. ಅಂಕಿಅಂಶಗಳ ವಿಶ್ಲೇಷಣೆಯನ್ನೂ ಚೆನ್ನಾಗಿ ಕಲಿಯಲಿ, ಎಂಜಿನಿಯರಿಂಗ್ ಓದಿದ್ದು ಅಲ್ಲಿ ಅವಳ ಕೈಹಿಡಿಯುತ್ತದೆ.

– ಸಂಪಾದಕ