ಎಡೆಗೆ ಏನು ಇಡೋದು?

ಅಳು ಬರ್ತಿಲ್ಲ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದರು ಆಕೆ. 36 ವರ್ಷ, ಬೆಂಗಳೂರಿನಲ್ಲಿ ಕೆಲಸ, ಹುಟ್ಟೂರು ತಿಪಟೂರು ಅಂತಿಟ್ಟುಕೊಳ್ಳಿ. (ವಿವರ ಬದಲಿಸಿದ್ದೇನೆ, ಬರೆಯಲು ಒಪ್ಪಿಗೆ ಕೇಳಿದ್ದೇನೆ.)

ಅತ್ತೆ ತೀರಿಕೊಂಡು ಐದು ತಿಂಗಳಾಗಿತ್ತು. ಗಂಡನ ತಾಯಿ ಅಲ್ಲ, ಅಪ್ಪನ ಅಕ್ಕ. ಈ ಗೊಂದಲ ಆಫೀಸಿನಲ್ಲೂ ಆಯಿತಂತೆ. "ಅತ್ತೆ ಹೋಗ್ಬಿಟ್ರು" ಅಂದಾಗ ಮೂರು ದಿನ ರಜೆ ಅಂದವರು, ಸೋದರತ್ತೆ ಅಂತ ಗೊತ್ತಾದ ಮೇಲೆ "ಅದು ಪಟ್ಟಿಯಲ್ಲಿ ಬರಲ್ಲ ಮೇಡಂ" ಅಂದರು. ಸುಮ್ನಿದ್ದಿದ್ದರೆ ರಜೆ ಸಿಗುತ್ತಿತ್ತು! ಎಂಟನೇ ವಯಸ್ಸಿಗೆ ತಾಯಿ ಹೋದ ಮೇಲೆ ಜಡೆ ಹಾಕಿ, ಡಬ್ಬಿ ಕಟ್ಟಿ, ಓದಿಸಿ ಬೆಳೆಸಿದ್ದು ಆ ಅತ್ತೆಯೇ. ಇಂಥ ಲೆಕ್ಕಕ್ಕೆ ಸಿಗದ ದುಃಖಕ್ಕೆ ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ, "ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್" ಅಂತ. ನಮ್ಮ ಮಾತಲ್ಲಿ ಹೇಳೋದಾದರೆ, "ಅವರು ನಿಂಗೇನಾಗ್ಬೇಕು?" ಅಂತ ಕೇಳಿಸಿಕೊಳ್ಳುವವರ ದುಃಖ.

ಎರಡನೇ ಸಲ ಬಂದಾಗ ಒಂದು ನೋಟ್‌ಬುಕ್ ತಂದಿದ್ದರು. ಹಾಲಿನ ಲೆಕ್ಕದ್ದು. ಅದರ ಹಿಂದಿನ ಪುಟಗಳಲ್ಲಿ "2 ಎಡ, 4 ಬಲ, 6 ಎಡ" ಅಂತ ಸಾಲು ಸಾಲು. ಲಕ್ವ ಹೊಡೆದು ಮಲಗಿದ್ದ ಅಜ್ಜಿಯ ಬೆನ್ನು ಹುಣ್ಣಾಗದ ಹಾಗೆ ಅತ್ತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದ ಲೆಕ್ಕ ಅದು, ರಾತ್ರಿಯದ್ದೂ ಸೇರಿ, ಏಳು ವರ್ಷ.

ಆಮೇಲೆ ನಿಜವಾದ ವಿಷಯ ಬಂತು. ಹನ್ನೊಂದನೇ ದಿನ ಎಡೆಗೆ ಅವರಿಗಿಷ್ಟದ್ದು ಇಡಬೇಕಲ್ಲ, ಏನಿಡೋದು ಅಂತ ಯಾರೋ ಕೇಳಿದಾಗ ಅಡುಗೆಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರಂತೆ. ಕೊನೆಗೆ ಒಬ್ಬಟ್ಟು ಇಟ್ಟರು, ಯಾಕೆಂದರೆ ಅತ್ತೆ ಅದನ್ನು ಚೆನ್ನಾಗಿ ಮಾಡುತ್ತಿದ್ದರು. "ಅವರ ಕೈಯಲ್ಲಿ ಅಷ್ಟು ವರ್ಷ ತಿಂದೆ, ಅವರಿಗೇನು ಇಷ್ಟ ಅಂತ ಗೊತ್ತಿಲ್ಲ ಮೇಡಂ. ನಾನ್ಯಾವ ಮುಖ ಇಟ್ಕೊಂಡು ಅಳ್ಲಿ?"

ಹೊರಗೆ ಫ್ಲೆಕ್ಸ್‌ನಲ್ಲಿ "ತ್ಯಾಗಮಯಿ" ಅಂತ ಬರೆಸಿದ್ದರು. ನನಗೆ ಈ ಪದ ಕಂಡರೆ ಸಿಟ್ಟು. ತ್ಯಾಗ ಅಂದುಬಿಟ್ಟರೆ ಯಾರೂ ಏನೂ ಕೇಳಬೇಕಾಗಿಲ್ಲ, ಅಲ್ವಾ?

ನಾನು ಹೇಳಿದ್ದು ಇಷ್ಟು. ಅಳು ಬರಲೇಬೇಕು ಅಂತ ಕಾಯಬೇಡಿ. ಇದನ್ನು ಕಾಯಿಲೆ ಅಂತಲೂ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ದುಃಖ ಕನಿಷ್ಠ ಆರು ತಿಂಗಳು ದಾಟಿ, ದಿನದ ಬದುಕೇ ನಿಂತುಹೋಗುವಷ್ಟು ಕಾಡಿದರೆ ಮಾತ್ರ ಅದು ಕಾಯಿಲೆ. ನಿಮಗೆ ಊಟ, ನಿದ್ದೆ, ಕೆಲಸ ನಡೀತಿದೆ. ಬದುಕೋದೇ ಬೇಡ ಅನ್ನಿಸಿದರೆ ಮಾತ್ರ ನನ್ನ ಮುಂದಿನ ದಿನಾಂಕಕ್ಕೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಗೊತ್ತಿಲ್ಲ ಅಂತ ಕೊರಗೋ ಬದಲು ಊರಿಗೆ ಹೋಗಿ ಕೇಳಿ. ನೆಂಟರನ್ನಲ್ಲ, ಅವರು ಮತ್ತೆ ತ್ಯಾಗವನ್ನೇ ಹೇಳುತ್ತಾರೆ. ಹಾಲಿನವನನ್ನು, ಮೆಡಿಕಲ್ ಶಾಪಿನವರನ್ನು, ಪಕ್ಕದ ಮನೆಯವರನ್ನು ಕೇಳಿ.

ಹೋದರು. ಪಕ್ಕದ ಮನೆಯ ಅಜ್ಜಿ ನಕ್ಕುಬಿಟ್ಟರಂತೆ. ರೇಷನ್ ಅಂಗಡಿಯಲ್ಲಿ ಕ್ಯೂ ಜಾಸ್ತಿ ಇತ್ತು ಅಂತ ಅತ್ತೆ ತಡವಾಗಿ ಬರುತ್ತಿದ್ದ ದಿನಗಳಲ್ಲಿ ಈ ಅಜ್ಜಿಯನ್ನೇ ಮನೆಯಲ್ಲಿ ಕೂರಿಸಿ, ಮ್ಯಾಟ್ನಿ ಸಿನಿಮಾಕ್ಕೆ ಹೋಗುತ್ತಿದ್ದರು, ಒಬ್ಬರೇ. ಬರುವಾಗ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ, ನಿಂತುಕೊಂಡೇ. ಆಕೆಗೆ ಅಳು ಬಂದದ್ದು ಆ ಬಜ್ಜಿ ಗಾಡಿಯ ಮುಂದೆ, ಸಂಜೆ ಜನದ ಮಧ್ಯೆ. "ನಾಚಿಕೆ ಆಗೋಯ್ತು" ಅಂದರು.

ವರ್ಷದ ತಿಥಿಯ ಮಾರನೇ ದಿನ ಫೋನ್ ಬಂತು. ಎಡೆಗೆ ಬಜ್ಜಿ ಇಟ್ಟರಂತೆ. ಬೀದಿ ಗಾಡೀದು ಎಡೆಗಾ ಅಂತ ಅಪ್ಪ ಗೊಣಗಿದರು. ಸ್ವಲ್ಪ ಹೊತ್ತು ಬಿಟ್ಟು, "ಸೀಳಿ ಈರುಳ್ಳಿ ಹಾಕಿಸ್ಬೇಕಿತ್ತು. ಅಕ್ಕ ಈರುಳ್ಳಿ ಇಲ್ದೆ ಮುಟ್ತಿರ್ಲಿಲ್ಲ" ಅಂದರಂತೆ.

ಅವರಿಗೆ ಗೊತ್ತಿತ್ತಾ? ಹನ್ನೊಂದನೇ ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದಿರಾ ಅಂದೆ.

"ಇನ್ನೂ ಇಲ್ಲ ಮೇಡಂ" ಅಂದರು.