ಈರುಳ್ಳಿ ಸೊಪ್ಪು ಲೋಳೆಯಾಗುತ್ತಿದ್ದರೆ

ಫ್ರಿಜ್‌ನಲ್ಲಿಟ್ಟರೂ ಈರುಳ್ಳಿ ಸೊಪ್ಪು ಎರಡೇ ದಿನಕ್ಕೆ ಲೋಳೆಯಾಗುತ್ತದೆ ಅಂದಿದ್ದೀರಿ. ತೊಳೆದು ಇಡುತ್ತೀರಿ ಅಲ್ವಾ? ಎಡವಟ್ಟು ಅಲ್ಲೇ. ತಂದ ಕೂಡಲೇ ರಬ್ಬರ್ ಬ್ಯಾಂಡ್ ಬಿಚ್ಚಿ. ಅದರಡಿ ಜಜ್ಜಿಹೋದ ಎಲೆಯೇ ಮೊದಲು ಕೊಳೆಯುವುದು, ಅದನ್ನು ಕಿತ್ತು ಹಾಕಿ. ಉಳಿದದ್ದನ್ನು ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನಮ್ಮನೆಯಲ್ಲಿ ಒಂದು ವಾರ ಆರಾಮಾಗಿ ಬರುತ್ತದೆ. ಕೊಳ್ಳುವಾಗಲೇ ತುದಿ ಹಳದಿಯಾಗಿದ್ದರೆ ಬೇಡ ಅನ್ನಿ.

ಬುಡವನ್ನು ಸುಮ್ನೆ ಬಿಸಾಡಬೇಡಿ. ಬೇರಿನ ಸಮೇತ ಎರಡು ಬೆರಳಷ್ಟು ಬಿಟ್ಟು ಕುಂಡದಲ್ಲಿ ನೆಟ್ಟರೆ ಮತ್ತೆ ಚಿಗುರುತ್ತದೆ. ಜಾಸ್ತಿ ಉಳಿದರೆ ಹೆಸರುಬೇಳೆ ಪಲ್ಯ ಮಾಡಿ. ಬೇಳೆ ಬೆಂದ ಮೇಲೆ ಸೊಪ್ಪು ಹಾಕಿ, ಎರಡೇ ನಿಮಿಷ ಸಾಕು. ನಮ್ಮ ಉತ್ತರ ಕರ್ನಾಟಕದವರಿಗೆ ಈ ತಾಪತ್ರಯವೇ ಇಲ್ಲ. ಉಳ್ಳಾಗಡ್ಡಿ ತಪ್ಪಲನ್ನು ಹಸಿಯಾಗಿಯೇ ಜೋಳದ ರೊಟ್ಟಿ ಜೊತೆ ಕಚ್ಚಿ ಮುಗಿಸುತ್ತೇವೆ!